ಪೀಚ್ ಡಬ್ಬಿಯೊಳಗಿನ ಇದ್ದಿಲು

"ಏನ್ರೀ ಇದು?"

ಗೇಟು ಬಡಿದ ಸದ್ದಿಗೆ ಅಮೃತಹಳ್ಳಿಯ ಕಾಗೆಗಳೆಲ್ಲ ಒಟ್ಟಿಗೆ ಹಾರಿದವು. ಜಕ್ಕೂರಿನ ಮೇಲೆ ಸುತ್ತು ಹೊಡೆಯುತ್ತಿದ್ದ ಪುಟ್ಟ ವಿಮಾನವೂ ಒಂದು ಗಳಿಗೆ ಬೆಚ್ಚಿರಬೇಕು!

ಪದ್ಮಶ್ರೀ ಕೈಗೆ ಮೆತ್ತಿದ್ದ ಮೈದಾಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಓಡಿ ಬಂದಳು.

ಗೇಟಿನಾಚೆ ಒಬ್ಬ ನಿಂತಿದ್ದ. ತೆಂಗಿನ ಮರಕ್ಕೆ ಪ್ಯಾಂಟು ತೊಡಿಸಿದಷ್ಟು ಎತ್ತರ. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿ, ಥೇಟ್ ಅಂಗಳದ ಮರದಲ್ಲಿ ಹಣ್ಣಾದ ಪೀಚಿನ ಹಾಗೆ ಕಾಣುತ್ತಿತ್ತು. ಒಂದು ಕೈಯಲ್ಲಿ, ಸ್ವಲ್ಪ ಹೊತ್ತಿನ ಮುಂಚೆ ಅವಳೇ ಕಟ್ಟಿಕೊಟ್ಟ ಡಬ್ಬಿ.

ಇನ್ನೊಂದು ಕೈಯಲ್ಲಿ... ಒಂದು ಇದ್ದಿಲು!

"ಇದು ಎಲ್ಲಿ ಸಿಕ್ತು ನಿಮ್ಗೆ?"

"ನಿಮ್ ಪೀಚ್ ಕಾಬ್ಲರ್ ಮೇಲೇ ಕೂತಿತ್ತು, ಮಹಾರಾಜನ ತರ! ಸ್ಪೂನ್ ಹಾಕಿದ್ರೆ ಟಕ್ ಅಂತು. ಹಲ್ಲು ಹಾಕಿದ್ರೆ ಏನಾಗ್ತಿತ್ತು?"

"ಸಾಧ್ಯಾನೇ ಇಲ್ಲ ಕಣ್ರೀ! ನಮ್ದು ಕರೆಂಟ್ ಓವನ್. ಅದ್ರಲ್ಲಿ ಇದ್ಲು ಎಲ್ಲಿಂದ ಬರುತ್ತೆ?"

"ಅದನ್ನೇ ನಾನೂ ಕೇಳ್ತಿರೋದು!"

ಪದ್ಮಶ್ರೀಯ ಕಣ್ಣು ತುಂಬಿ ಬಂತು. ಆದರೆ ಅವಳು ಅಳುವ ಹುಡುಗಿಯಲ್ಲ. ಅವಳ ಕಾಬ್ಲರನ್ನು ಯಾರಾದರೂ ಬೈದರೆ ಯುದ್ಧಕ್ಕೇ ಹೊರಡುವ ಹುಡುಗಿ!

"ಒಂದ್ ನಿಮಿಷ ನಿಂತ್ಕೊಳ್ಳಿ. ಹೋಗ್ಬೇಡಿ!"

ಒಳಗೆ ಓಡಿದವಳು ಬಟ್ಟಲು ಹಿಡಿದು ಬಂದಳು. ಆಗಷ್ಟೇ ಓವನ್ನಿನಿಂದ ಇಳಿದದ್ದು. ಮೇಲೆ ಬೆಣ್ಣೆ ಹಾಕಿದ ಹಿಟ್ಟು ಹೊಂಬಣ್ಣಕ್ಕೆ ಬೆಂದು ಅಲ್ಲಲ್ಲಿ ಬಿರಿದಿತ್ತು. ಆ ಬಿರುಕುಗಳಿಂದ ಪೀಚಿನ ರಸ, ಬೆಲ್ಲ, ಚಕ್ಕೆ, ಶುಂಠಿ ಎಲ್ಲ ಸೇರಿ ಕುದ್ದು ಕುದ್ದು ಉಕ್ಕಿ, ಅಂಚಿನಲ್ಲಿ ಪಾಕವಾಗಿ ಅಂಟಿಕೊಂಡಿತ್ತು. ಅದರ ಘಮ ಎಂಥದೆಂದರೆ, ಸಹಕಾರನಗರದ ಸಿಗ್ನಲ್ಲಿನಲ್ಲಿ ನಿಂತವರೂ ತಿರುಗಿ ನೋಡಬೇಕು!

"ತಿನ್ನಿ. ಇಲ್ಲೇ. ನನ್ ಮುಂದೇನೇ. ಇದ್ರಲ್ಲಿ ಒಂದ್ ಚೂರು ಇದ್ಲು ಸಿಕ್ರೆ ಈ ಕೆಲ್ಸಾನೇ ಬಿಟ್ಬಿಡ್ತೀನಿ!"

ಅವನು ಸಿಟ್ಟಿನಲ್ಲೇ ಒಂದು ಚಮಚ ಬಾಯಿಗಿಟ್ಟ.

ಮೊದಲು ಗರಿಗರಿ... ಆಮೇಲೆ ಮೆತ್ತಗೆ... ಆಮೇಲೆ ಬಿಸಿ ಹಣ್ಣಿನ ಹುಳಿಸಿಹಿ...

ಹುಬ್ಬು ಇಳಿಯಿತು. ಮೂಗಿನ ಕೆಂಪು ಇಳಿಯಿತು. ಕೊನೆಗೆ ಕಣ್ಣೇ ಮುಚ್ಚಿಹೋಯಿತು. ಬಟ್ಟಲು ಖಾಲಿಯಾದದ್ದು ಅವನಿಗೇ ತಿಳಿಯಲಿಲ್ಲ.

"ಏನ್ರೀ... ಮಾತಾಡಿ!"

"ಇನ್ನೂ ಇದ್ಯಾ?" ಎಂದ, ಮಗುವಿನ ದನಿಯಲ್ಲಿ.

ಇನ್ನೊಂದು ಬಟ್ಟಲು ಮುಗಿಸಿ, ಬೈಯಲು ಬಂದದ್ದನ್ನೇ ಮರೆತು, "ಬರ್ತೀನಿ ರೀ" ಎಂದು ಹೊರಟ. ಇದ್ದಿಲನ್ನು ಮಾತ್ರ ಅರಿವಿಲ್ಲದೆ ಜೇಬಿಗೆ ಹಾಕಿಕೊಂಡಿದ್ದ!

ಪೀಚ್ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಅಜ್ಜಿ ದೊಡ್ಡಮುನಿಯಮ್ಮ ಆಕಾಶ ನೋಡುತ್ತಿದ್ದಳು. ಆ ಮುಖ ನೋಡಿದರೆ ಇರುವೆಯನ್ನೂ ತುಳಿದವಳಲ್ಲ.

"ಅಜ್ಜೀ... ಡಬ್ಬಿಗೆ ಇದ್ಲು ನೀನ್ ಹಾಕಿದ್ಯಾ?"

"ನಾನ್ಯಾಕಮ್ಮ ಆಕ್ಲಿ? ನೀರೊಲೆಯಿಂದ ಆರ್ಕೊಂಡ್ ಬಂದಿರ್ಬೇಕು."

"ಇದ್ಲು ಹಾರುತ್ತಾ ಅಜ್ಜಿ?"

"ನಮ್ ಕಾಲದಾಗೆ ಆರ್ತಿದ್ವು."

ಪದ್ಮಶ್ರೀ ಹಣೆ ಚಚ್ಚಿಕೊಂಡಳು. "ಇನ್ಮೇಲೆ ನನ್ ಡಬ್ಬಿ ಹತ್ರ ಬರ್ಬೇಡ ನೀನು!"

ಅಜ್ಜಿ ತಲೆಯಾಡಿಸಿದಳು. ಆ ತಲೆ ಆಡಿದ್ದು ಹೌದು ಅಂತಲೋ ಇಲ್ಲ ಅಂತಲೋ, ದೇವರಿಗೇ ಗೊತ್ತು.

*

ಆ ಮನೆಯಲ್ಲಿ ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಉಳಿಯುತ್ತಿದ್ದದ್ದು ಅಜ್ಜಿ, ಮೊಮ್ಮಗಳು, ಗೌರಿ ಎಂಬ ಹಸು, ಮತ್ತೆ ಆ ಪೀಚ್ ಮರ.

ಆ ಮರಕ್ಕೂ ಒಂದು ಕಥೆಯಿದೆ. ದೊಡ್ಡಮುನಿಯಮ್ಮ ಹದಿಹರೆಯದಲ್ಲಿ ಹೆಬ್ಬಾಳದ ಕಡೆಯ ಒಂದು ಬಂಗಲೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ಅಲ್ಲಿಯ ದೊರೆಸಾನಿ ಬೇಸಿಗೆ ಬಂದರೆ ಈ ಹಣ್ಣಿನ ತಿಂಡಿ ಮಾಡಿಸುತ್ತಿದ್ದಳು. ಆಗ ಓವನ್ ಎಲ್ಲಿ? ಕಬ್ಬಿಣದ ಪಾತ್ರೆಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ! ಕೆಲಸ ಬಿಟ್ಟು ಬರುವಾಗ ದೊಡ್ಡಮುನಿಯಮ್ಮ ತಂದದ್ದು ಆ ಪಾತ್ರೆ, ಆ ಕೈರುಚಿ, ಒಂದು ಪೀಚಿನ ಓಟೆ. ನೆಟ್ಟ ಓಟೆ ಮರವಾಯಿತು. ಕಾಬ್ಲರ್ ಎನ್ನಲು ನಾಲಿಗೆ ಹೊರಳದೆ ಅಜ್ಜಿ ಅದಕ್ಕೆ 'ದೊರೆಸಾನಿ ಕಡುಬು' ಎಂದು ಹೆಸರಿಟ್ಟಳು.

ಹಣ್ಣು ಸಣ್ಣದು, ಹುಳಿ ಮುಂದು. ಬಿಸಿನೀರಿಗೆ ಹಾಕಿ ತೆಗೆದರೆ ಸಿಪ್ಪೆ ತಾನಾಗಿ ಜಾರುತ್ತದೆ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಮರ ಬಿಟ್ಟಷ್ಟೇ ಕಾಬ್ಲರ್. ಪದ್ಮಶ್ರೀ ಭಾನುವಾರ ಭಾನುವಾರ ಬೇಯಿಸಿ, ಡಬ್ಬಿ ಕಟ್ಟಿ ಸುತ್ತಲಿನವರಿಗೆ ಮಾರುತ್ತಿದ್ದಳು. ಅಂಗಡಿ ಹಣ್ಣು ತಂದು ಮಾಡಿ ಎಂದು ಎಷ್ಟು ಜನ ಬೇಡಿಕೊಂಡರೂ ಒಪ್ಪಿದವಳಲ್ಲ.

ಅಜ್ಜಿಗೂ ಮೊಮ್ಮಗಳಿಗೂ ಇದ್ದದ್ದು ಒಂದೇ ಜಗಳ.

"ಮುಚ್ಚಳ ಬಿಗಿಯಾಗಿ ಆಕೇ! ಬೀದೀಲಿ ಓಗೋ ತಿಂಡಿ. ಕಣ್ಣು ಬೀಳ್ತದೆ."

"ಬಿಸೀಲಿ ಮುಚ್ಚಿದ್ರೆ ಹಬೆ ಕೂತು ಮೆತ್ತಗಾಗುತ್ತೆ ಅಜ್ಜಿ! ಗರಿಗರಿ ಇಲ್ದಿದ್ರೆ ಅದು ಕಾಬ್ಲರ್ರೇ ಅಲ್ಲ."

*

ಮುಂದಿನ ಭಾನುವಾರ ಅವನು ಮತ್ತೆ ಬಂದ. ಈ ಸಲ ಗೇಟು ಬಡಿಯಲಿಲ್ಲ. ಬೆಕ್ಕಿನ ಹಾಗೆ ಸದ್ದಿಲ್ಲದೆ ತೆಗೆದ.

"ಒಂದ್ ಡಬ್ಬಿ ಕೊಡಿ ರೀ... ಅವತ್ತು ಸ್ವಲ್ಪ ಜಾಸ್ತಿ ಮಾತಾಡ್ಬಿಟ್ಟೆ. ಸಾರಿ."

"ಸ್ವಲ್ಪಾನಾ?" ಪದ್ಮಶ್ರೀ ಹುಬ್ಬೇರಿಸಿದಳು.

"ಸರಿ. ತುಂಬಾನೇ."

ಅವಳಿಗೆ ನಗು ತಡೆಯಲಾಗಲಿಲ್ಲ.

ಹೆಸರು ನಂದಕುಮಾರ್. ಬಾಗಲೂರಿನವನು. ಹೆಬ್ಬಾಳದ ಕಡೆ ದನದ ಡಾಕ್ಟರು. ಇಷ್ಟು ತಿಳಿದದ್ದೇ ತಡ, ಅಜ್ಜಿಯ ಮುಖ ದೀಪಾವಳಿಯಾಯಿತು.

"ದನದ್ ಡಾಕ್ಟ್ರಾ? ಬಾರಪ್ಪ ಬಾ! ನಮ್ ಗೌರಿ ಮೇವೇ ಮುಟ್ತಿಲ್ಲ, ಪಾಪ!"

ಗೌರಿ ಆ ಹೊತ್ತಿಗೆ ಒಂದು ಹೊರೆ ಹುಲ್ಲು ಮುಗಿಸಿ, ಒಣಗಲು ಹಾಕಿದ್ದ ಟವೆಲ್ಲಿಗೆ ಬಾಯಿ ಹಾಕಿದ್ದಳು.

ಆದರೂ ನಂದಕುಮಾರ್ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಸಗಣಿಯ ನೆಲದಲ್ಲಿ ಮಂಡಿಯೂರಿದ. ಗೌರಿಯ ಕಿವಿಯ ಹಿಂದೆ ತುರಿಸಿದ. "ಏನಮ್ಮ, ಏನಾಯ್ತು ನಿಂಗೆ?" ಎಂದು ಹೆಂಗಸರನ್ನು ಮಾತಾಡಿಸುವಷ್ಟೇ ಮರ್ಯಾದೆಯಿಂದ ಕೇಳಿದ. ಯಾರನ್ನೂ ಹತ್ತಿರ ಬಿಡದ ಗೌರಿ, ಕತ್ತು ನೀಡಿ ಅವನ ಭುಜಕ್ಕೆ ಒರಗಿಕೊಂಡಳು!

ಪದ್ಮಶ್ರೀ ನೋಡುತ್ತಲೇ ನಿಂತಳು.

'ಇಷ್ಟು ದೊಡ್ಡ ಕೈ... ಇಷ್ಟು ಮೆತ್ತಗೆ ಹೇಗೆ ಮುಟ್ಟುತ್ತೆ?'

"ಅಜ್ಜಿ, ಇವಳಿಗೆ ಏನೂ ಆಗಿಲ್ಲ ಕಣಜ್ಜಿ," ಎಂದ ಅವನು.

"ಅಂಗಾದ್ರೆ ಆಗಿರೋದು ನಿಂಗಾ?"

ಅವನ ಕಿವಿ ಕೆಂಪಾಯಿತು. ಪದ್ಮಶ್ರೀ ಒಳಗೆ ಓಡಿದಳು. ಅಜ್ಜಿ ಮಾತ್ರ ಗೌರಿಗೆ ಹುಲ್ಲು ಹಾಕುವ ನೆಪದಲ್ಲಿ ಡಬ್ಬಿ ಇಟ್ಟಿದ್ದ ಕಟ್ಟೆಯ ಕಡೆ ಒಂದು ಸುತ್ತು ಹೋಗಿ ಬಂದಳು...

ಅಲ್ಲಿಂದಾಚೆ ಪ್ರತಿ ಭಾನುವಾರವೂ ಹೀಗೆಯೇ. ಒಂದು ಸಲ ಗೌರಿಗೆ ನೆಗಡಿ, ಇನ್ನೊಂದು ಸಲ ಗೌರಿಗೆ ಬೇಜಾರು. ಲೋಕದಲ್ಲಿ ಯಾವ ಹಸುವಿಗೂ ಬಾರದ ಕಾಯಿಲೆಗಳೆಲ್ಲ ಗೌರಿಗೆ ಬಂದವು! ನಂದಕುಮಾರ್ ಒಂದನ್ನೂ ಸುಳ್ಳು ಎನ್ನಲಿಲ್ಲ.

ಹಣ್ಣು ಬಿಡಿಸಲು ಅವನೂ ಕೂರುತ್ತಿದ್ದ. ಅವಳು ಪೀಚನ್ನು ಅಂಗೈಯಲ್ಲಿಟ್ಟು ಒಂದೇ ತಿರುವಿನಲ್ಲಿ ಓಟೆ ಬಿಡಿಸುವುದನ್ನು ಬೆರಗಾಗಿ ನೋಡುತ್ತಿದ್ದ. ಬೆಣ್ಣೆಗೂ ಹಿಟ್ಟಿಗೂ ಬೆರಳ ತುದಿಯಷ್ಟೇ ತಾಗಿಸಿ ಪುಡಿ ಮಾಡುವುದು, ಮಜ್ಜಿಗೆಯನ್ನು ಅಳತೆಯಿಲ್ಲದೆ ಹುಯ್ದರೂ ಹದ ತಪ್ಪದಿರುವುದು...

"ಹೆಂಗ್ರೀ ಗೊತ್ತಾಗುತ್ತೆ, ಸಾಕು ಅಂತ?"

"ಹಿಟ್ಟೇ ಹೇಳುತ್ತೆ."

"ನಂಗೂ ದನಗಳೇ ಹೇಳ್ತಾವೆ," ಎಂದು ನಕ್ಕ. "ಮನುಷ್ಯರದ್ದೇ ಗೊತ್ತಾಗಲ್ಲ ನೋಡಿ."

ಅವಳು ಹಿಟ್ಟಿನತ್ತ ಬಗ್ಗಿದಳು. 'ಹೇಳಿದರೆ ತಾನೇ ಗೊತ್ತಾಗೋದು... ಹೇಳಿ ಮಾರಾಯರೇ!'

ಅವನು ಹೇಳಲಿಲ್ಲ. ಅವಳೂ ಹೇಳಲಿಲ್ಲ.

*

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು.

ಮೊದಲ ದಿನವೇ ನಂದಕುಮಾರ್ ಬಾಗಲೂರಿಗೆ ಫೋನ್ ಮಾಡಿ ಅಮ್ಮ ಮುನಿಯಲ್ಲಮ್ಮನ ಹತ್ತಿರ ಇದ್ದಿಲಿನ ವಿಷಯ ಹೇಳಿದ್ದ. ಆಕೆ ನಕ್ಕ ನಗೆಗೆ ಫೋನೇ ಬಿರುಕು ಬಿಡಬೇಕಿತ್ತು.

"ಅಯ್ಯೋ ಪೆದ್ದ! ಹೊಲಕ್ಕೆ ಬುತ್ತಿ ಕಳಿಸೋವಾಗ ನಿಮ್ಮಪ್ಪಂಗೆ ನಾನ್ ಇಡ್ತಿರ್ಲಿಲ್ವೇನೋ? ಕಣ್ಣು ತಾಗ್ದೆ ಇರ್ಲಿ ಅಂತ ಇಡೋದು ಕಣೋ. ಅದನ್ನ ಊರೋರಿಗೆಲ್ಲ ಇಡಲ್ಲ. ಮನೆಯವ್ರು ಅನ್ನಿಸ್ದವ್ರಿಗೆ ಮಾತ್ರ!"

"ಅವ್ರು ನಾನ್ ಇಟ್ಟಿಲ್ಲ ಅಂದ್ರಲ್ಲಮ್ಮ?"

"ಮತ್ತೇನು, ಹೌದು ನಿನ್ಮೇಲೆ ಮನಸಾಗೈತೆ ಅಂತ ಗೇಟಲ್ಲೇ ಕೂಗ್ತಾಳಾ?"

ಅವತ್ತಿನಿಂದ ಪ್ರತಿ ಡಬ್ಬಿಯಲ್ಲೂ ಒಂದು ಇದ್ದಿಲು. ಹರಳೆಲೆಯಲ್ಲಿ ಸುತ್ತಿ, ಡಬ್ಬಿಗೆ ಹೊದಿಸಿದ ಕಾಗದದ ಕೆಳಗೆ ಬಚ್ಚಿಟ್ಟದ್ದು. ಅವನು ಅದನ್ನು ವಜ್ರದ ಹಾಗೆ ತೆಗೆದು ಗಾಜಿನ ಜಾಡಿಯಲ್ಲಿ ಇಡುತ್ತಿದ್ದ. ಕೇಳಲು ನಾಚಿಕೆ. ಕೇಳಿದರೆ ನಿಂತುಹೋದೀತು ಎಂಬ ಭಯ ಬೇರೆ.

ಆಮೇಲೆ ಆ ಭಾನುವಾರ ಬಂತು.

ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿ, ಟಿ. ದಾಸರಹಳ್ಳಿಯ ಮಗಳ ಮನೆಯಲ್ಲಿ ಬಿಟ್ಟು ಬಂದಿದ್ದರು. ಅದೇ ದಿನ ಮಹಡಿಯ ಮೇಲೆ ಬಾಡಿಗೆಗಿದ್ದ ಸುಮಾಳಿಗೆ ಸೀಮಂತ. ಅಂಗಳದ ತುಂಬ ಕಾರು, ತಟ್ಟೆಯಲ್ಲಿ ಹೂವು, ಹಣ್ಣು, ಬಳೆ. ಪದ್ಮಶ್ರೀ ರೇಷ್ಮೆ ಸೀರೆಯುಟ್ಟು, ಮೊಣಕೈವರೆಗೆ ಬಳೆ ತೊಟ್ಟು, ಮೊಳಗಟ್ಟಲೆ ಮಲ್ಲಿಗೆ ಮುಡಿದು ಓಡಾಡುತ್ತಿದ್ದಳು.

ಗೇಟಿನಲ್ಲಿ ನಂದಕುಮಾರ್ ಮರವಾಗಿ ನಿಂತ. ಬೆಳದಿಂಗಳು ಹಗಲಿನಲ್ಲೇ ಇಳಿದು ಬಂದಂತಿದ್ದಳು ಅವಳು!

"ಏನ್... ವಿಶೇಷ?" ಎಂದು ತೊದಲಿದ.

"ಶಾಸ್ತ್ರ ಇದೆ ರೀ, ಎಲ್ರೂ ಕಾಯ್ತಿದ್ದಾರೆ! ತಗೊಳ್ಳಿ, ಬಿಸಿ ಇದೆ," ಎಂದು ಡಬ್ಬಿ ಕೈಗಿಟ್ಟು ಓಡಿದಳು.

ಅವನು ತನ್ನ ಕೋಣೆಗೆ ಹೋಗಿ ಡಬ್ಬಿ ತೆರೆದ. ಕಾಗದ ಎತ್ತಿದ. ತಳದವರೆಗೂ ಹುಡುಕಿದ.

ಇದ್ದಿಲು ಇರಲಿಲ್ಲ.

'ಸರಿ... ಇನ್ನು ನಾನು ಹೊರಗಿನವನು. ಅವಳ ಸಂಬಂಧ ಕುದುರಿದೆ.'

ಆ ಕಾಬ್ಲರ್ ಹಾಗೇ ಆರಿಹೋಯಿತು.

ಮಾರನೆಯ ದಿನ ಪದ್ಮಶ್ರೀಯ ಫೋನಿಗೆ ಒಂದು ಮೆಸೇಜು. "ಇನ್ಮೇಲೆ ನನಗೆ ಡಬ್ಬಿ ಬೇಡ ರೀ. ನಿಮಗೆ ಒಳ್ಳೇದಾಗಲಿ."

ಅವಳು ಅದನ್ನು ಓದಿದಳು. ಮತ್ತೆ ಓದಿದಳು. ಅಕ್ಷರ ಸವೆದುಹೋಗುವಷ್ಟು ಓದಿದಳು.

'ನನ್ನ ಕೈ ತಿಂಡಿ ಸಾಕಾಯ್ತಾ? ಇಲ್ಲ... ನಾನೇ ಸಾಕಾದೆನಾ?'

ಆಮೇಲಿನ ಭಾನುವಾರ ಅವನು ಗೇಟು ತೆಗೆದು ಬರಲಿಲ್ಲ. ಅವಳಿಗೆ ಹಿಟ್ಟು ಏನೂ ಹೇಳಲಿಲ್ಲ. ಮಜ್ಜಿಗೆ ಹೆಚ್ಚಾಯಿತು, ತಳ ಸೀದಿತು. ಗೌರಿಯೂ ನಿಜವಾಗಿ ಮೇವು ಬಿಟ್ಟಳು!

*

ಅಜ್ಜಿ ಮರಳಿ ಬಂದದ್ದು ಕಪ್ಪು ಕನ್ನಡಕದಲ್ಲಿ, ಸಿನಿಮಾದ ಖಳನಾಯಕನ ಠೀವಿಯಲ್ಲಿ. ಏನೋ ಕೆಟ್ಟಿದೆ ಎಂದು ಒಂದೇ ನೋಟಕ್ಕೆ ತಿಳಿಯಿತು.

"ಆಪ್ರೇಸನ್ ಆಗಿದ್ದು ನಂಗೆ, ಕಣ್ಣು ಊದಿರೋದು ನಿಂಗಾ? ಎಲ್ಲವ್ವ ದನದ್ ಡಾಕ್ಟ್ರು?"

"ಬರಲ್ವಂತೆ. ಬೇಡ್ವಂತೆ." ಪದ್ಮಶ್ರೀ ಮುಖ ತಿರುಗಿಸಿದಳು. "ಹೋಗ್ಲಿ ಬಿಡಜ್ಜಿ. ಡಬ್ಬಿ ತಾನೇ..."

"ಯಾವತ್ತಿಂದ?"

"ಸುಮಕ್ಕನ ಸೀಮಂತ ಆದ್ಮೇಲಿಂದ."

ಅಜ್ಜಿಯ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. "ಅಯ್ಯಯ್ಯೋ... ಅವತ್ತು ನಾನೇ ಇರ್ಲಿಲ್ಲ. ಇದ್ಲು ಯಾರಿಟ್ರು?"

"ಯಾವ ಇದ್ಲು?"

ದೊಡ್ಡಮುನಿಯಮ್ಮ ಜೀವಮಾನದಲ್ಲಿ ಮೊದಲ ಸಲ ತಡವರಿಸಿದಳು. "ಆ ಅಣ್ಣಯ್ಯ ಮೊದಲ್ನೇ ದಿನ ಬಂದಾಗ, ಬೀದೀಲಿ ಗೌರಿ ಪ್ಲಾಸ್ಟಿಕ್ ಕವರ್ ನುಂಗ್ತಿದ್ಲು ಕಣವ್ವ. ಬಾಯಿಗೆ ಕೈ ಆಕಿ ಎಳ್ದು, ಅವ್ಳ ಕಣ್ಣೊರ್ಸಿ, ಯಾರ್ಗೂ ಯೋಳ್ದೆ ಡಬ್ಬಿ ತಗಂಡ್ ಓದ. ಇಂತಾ ಮಗನ್ ಮೇಲೆ ಕಣ್ಣು ಬೀಳ್ಬಾರ್ದು ಅನ್ನಿಸ್ತು. ಅವತ್ತಿಂದ ಅವನ್ ಡಬ್ಬೀಗೆ ಮಾತ್ರ ಇಕ್ತಿದ್ದೆ. ಬೇರೆ ಯಾರ್ಗೂ ಇಕ್ಕಿಲ್ಲ."

"ಅಜ್ಜೀ! ಅಂದ್ರೆ ಅವ್ರು..."

"ಬಾಗ್ಲೂರ್ ಉಡುಗ ಕಣೆ, ಅವನ್ಗೆ ಗೊತ್ತಾಗ್ದಿರ್ತದಾ? ನೀನೇ ಇಕ್ಕಿದ್ದೀಯಾ ಅಂದ್ಕೊಂಡಿರ್ತಾನೆ. ಆ ದಿನ ಇಲ್ದಿದ್ದಕ್ಕೆ..." ಅಜ್ಜಿಯ ದನಿ ಇಳಿಯಿತು. "ನಾನೂ ನಿಮ್ ತಾತಂಗೆ ಇಂಗೇ ಕಳಿಸ್ತಿದ್ದೆ. ಬಂಗ್ಲೆ ಗೇಟಲ್ಲಿ ನಿಂತಿರೋನು. ಸೆರಗಿನ್ ಕೆಳಗೆ ದೊರೆಸಾನಿ ಕಡುಬು, ಅದ್ರ ಮೇಲೆ ಒಂದ್ ಇದ್ಲು. ಬಾಯ್ಬಿಟ್ಟು ಒಂದ್ ಮಾತೂ ಆಡ್ಲಿಲ್ಲ ನಾವು."

ಪದ್ಮಶ್ರೀಗೆ ಅವತ್ತು ಉಟ್ಟಿದ್ದ ರೇಷ್ಮೆ ಸೀರೆ, 'ಶಾಸ್ತ್ರ ಇದೆ' ಎಂದ ಮಾತು, 'ಒಳ್ಳೇದಾಗಲಿ' ಎಂಬ ಮೆಸೇಜು... ಒಂದೊಂದೇ ನೆನಪಿಗೆ ಬಂತು.

"ತಿಂಡೀಗೆ ಮುಚ್ಚಳ ಬ್ಯಾಡ ಅಂತ ನನ್ ಜೊತೆ ವರ್ಸಗಟ್ಲೆ ಜಗಳ ಆಡ್ದೆ," ಎಂದಳು ಅಜ್ಜಿ. "ಬಾಯಿಗ್ಯಾಕೆ ಆಕ್ಕೊಂಡ್ ಕೂತಿದ್ದೀಯೇ?"

ಪದ್ಮಶ್ರೀ ದಡಕ್ಕನೆ ಎದ್ದಳು.

ಮರದ ನೆತ್ತಿಯಲ್ಲಿ ಕೊನೆಯ ಹಣ್ಣುಗಳಿದ್ದವು. ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಎಲ್ಲ ಉದುರಿ, ಮತ್ತೆ ಬರುವ ವರ್ಷದವರೆಗೆ ಕಾಯಬೇಕು. ಏಣಿ ಹಾಕಿ ಹತ್ತಿದಳು. ಕಿತ್ತಳು. ಸುಲಿದಳು. ಬೆಲ್ಲ, ಚಕ್ಕೆ, ಶುಂಠಿ ಬೆರೆಸಿದಳು. ಬೆಣ್ಣೆ ಹಿಟ್ಟು ಕಲಸಿದಳು. ಓವನ್ ಗುಂಡಿ ಒತ್ತಿದಳು...

ಕರೆಂಟ್ ಹೋಯಿತು!

"ಅಯ್ಯೋ ದೇವ್ರೇ! ಈಗಲೇನಾ?"

"ದೇವ್ರನ್ನ ಯಾಕ್ ಕರೀತೀಯ? ಅಟ್ಟದ್ ಮೇಲೆ ನನ್ ಪಾತ್ರೆ ಐತೆ, ಇಳ್ಸು!"

ಕಬ್ಬಿಣದ ಪಾತ್ರೆ ಇಳಿಯಿತು. ನೀರೊಲೆಯ ಕೆಂಡ ಕೆಳಗೆ, ಮುಚ್ಚಳದ ಮೇಲೆ ಇನ್ನಷ್ಟು ಕೆಂಡ. ಹೊಗೆ ತಾಗಬಾರದೆಂದು ಅಜ್ಜಿ ದೂರದ ಕಲ್ಲುಬೆಂಚಿನಿಂದಲೇ ಸೇನಾಪತಿಯ ಹಾಗೆ ಕೂಗುತ್ತಿದ್ದಳು. "ಅಂಚಿಗೆ ಜಾಸ್ತಿ ಆಕು! ನಡೂಮಧ್ಯ ಕಮ್ಮಿ!" ಪದ್ಮಶ್ರೀ ಊದಿ ಊದಿ ಕೆನ್ನೆಯೆಲ್ಲ ಮಸಿ, ಕಣ್ಣೆಲ್ಲ ನೀರು.

ಮುಚ್ಚಳ ತೆಗೆದಾಗ ಎದ್ದ ಘಮಕ್ಕೆ ಗೌರಿ ಅಂಬಾ ಎಂದಳು. ಓವನ್ನಿನಲ್ಲಿ ಎಂದೂ ಬಾರದ ಬಣ್ಣ! ಮೇಲೆ ಜೇನಿನಂಥ ಕಂದು, ಅಂಚಿನಲ್ಲಿ ಗುಳುಗುಳು ಕುದಿಯುವ ಕೆಂಪು ರಸ, ಅದರೊಳಗೆ ಒಂದು ತೆಳು ಹೊಗೆವಾಸನೆ.

"ಇದೇ ಕಣವ್ವ..." ಕಪ್ಪು ಕನ್ನಡಕದ ಕೆಳಗಿನಿಂದ ಒಂದು ಹನಿ ಜಾರಿತು. "ಇದೇ ನಿಮ್ ತಾತ ತಿಂದಿದ್ದು."

*

ಹೆಬ್ಬಾಳದ ರಸ್ತೆಯಲ್ಲಿ ಅಂದು ಹೋದವರೆಲ್ಲ ಒಂದು ದೃಶ್ಯ ನೋಡಿದರು. ಮುಖವೆಲ್ಲ ಮಸಿಯಾದ ಹುಡುಗಿ ಸ್ಕೂಟರ್ ಓಡಿಸುತ್ತಿದ್ದಾಳೆ. ಹಿಂದೆ ಕಪ್ಪು ಕನ್ನಡಕದ ಅಜ್ಜಿ, ಮಡಿಲಲ್ಲಿ ಕಂಬಳಿ ಸುತ್ತಿದ ಪಾತ್ರೆ. ಪಾತ್ರೆಗೆ ಮುಚ್ಚಳವಿಲ್ಲ! ಫ್ಲೈಓವರಿನ ಉದ್ದಕ್ಕೂ ಘಮ ಹರಡಿ, ಟ್ರಾಫಿಕ್ಕಿಗೆ ಟ್ರಾಫಿಕ್ಕೇ ಮೂಗೆತ್ತಿ ನಿಂತಿತು.

"ಏನ್ ನೋಡ್ತೀರಾ? ಓಗ್ರಪ್ಪ ಮುಂದಕ್ಕೆ! ನಮ್ ಉಡುಗಿ ಮದ್ವೆ ಕೇಳಾಕ್ ಓಯ್ತಾವ್ಳೆ!"

"ಅಜ್ಜೀ, ಸುಮ್ನಿರು!"

ದನದ ಆಸ್ಪತ್ರೆಯ ಮುಂದೆ ಮೇಕೆ, ನಾಯಿ, ಎಮ್ಮೆಗಳ ಸಾಲು. ಅಜ್ಜಿ ಒಂದು ಮೇಕೆಯ ಪಕ್ಕ ಕೂತು ಪಾತ್ರೆಯನ್ನು ಮೊಮ್ಮಗಳ ಕೈಗಿಟ್ಟಳು. "ಓಗು. ಆರೋಕ್ ಮುಂಚೆ."

ನಂದಕುಮಾರ್ ಮೇಜಿನ ಹಿಂದೆ ನಿಂತಿದ್ದ. ಗಡ್ಡ ಬೆಳೆದಿತ್ತು. ಕಣ್ಣಿನ ಕೆಳಗೆ ಕಪ್ಪು.

"ಪದ್ಮಶ್ರೀ ಅವ್ರೇ... ನೀವು? ಮದ್ವೆ ಕೆಲ್ಸ ಬಿಟ್ಟು..."

"ಯಾರ ಮದ್ವೆ? ಅವತ್ತು ಆಗಿದ್ದು ಮೇಲಿನ್ ಮನೆ ಸುಮಕ್ಕನ ಸೀಮಂತ!"

"ಸೀಮಂತಾನಾ?" ಅವನು ಮೇಜಿನ ಈಚೆಗೆ ಬಂದ.

ಆಗ ಅವಳ ಕಣ್ಣಿಗೆ ಬಿದ್ದದ್ದು ಕಿಟಕಿಯ ಹತ್ತಿರದ ಗಾಜಿನ ಜಾಡಿ. ಅದರಲ್ಲಿ ಸಾಲಾಗಿ ಇದ್ದಿಲುಗಳು. ಒಂದಕ್ಕೂ ಧೂಳಿಲ್ಲ.

"ಇವನ್ನ... ಎತ್ತಿಟ್ಕೊಂಡಿದ್ದೀರಾ?"

"ಮತ್ತೆ? ನೀವು ಇಟ್ಟಿದ್ದಲ್ವಾ..."

ಸುಳ್ಳು ಹೇಳಿಬಿಡಬಹುದಿತ್ತು. ಒಂದು 'ಹೂಂ' ಸಾಕಿತ್ತು. ಪದ್ಮಶ್ರೀ ಅವನ ಕಣ್ಣನ್ನೇ ನೋಡಿದಳು.

"ಇಲ್ಲ ರೀ. ಅವನ್ನ ಇಟ್ಟಿದ್ದು ನಮ್ಮಜ್ಜಿ. ನಂಗೆ ಗೊತ್ತೇ ಇರ್ಲಿಲ್ಲ."

ಅವನ ಮುಖ ದೀಪ ಆರಿದ ಹಾಗಾಯಿತು. "ಓ... ಅಜ್ಜಿ..." ಎಂದು ನಗಲು ನೋಡಿದ. ಆಗಲಿಲ್ಲ. "ನಾನೇ ಏನೇನೋ ಅಂದ್ಕೊಂಡ್ಬಿಟ್ಟೆ. ತಪ್ಪು ತಿಳ್ಕೋಬೇಡಿ..."

ಪದ್ಮಶ್ರೀ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಬಿಗಿಯಾಗಿ ಮುಚ್ಚಿದ್ದ ಎಡಗೈಯನ್ನು ಅವನ ಮುಂದೆ ಚಾಚಿ, ನಿಧಾನವಾಗಿ ತೆರೆದಳು.

ಅಂಗೈಯಲ್ಲಿ ಒಂದು ಇದ್ದಿಲು. ಬೆವರಿಗೆ ಮಸಿ ಬಿಟ್ಟು ಕೈಯ ಗೆರೆಗಳೆಲ್ಲ ಕಪ್ಪಾಗಿದ್ದವು.

"ಇದನ್ನ ಇಟ್ಟಿದ್ದು ನಾನು," ಎಂದಳು. "ನಾನೇ ಕೆಂಡ ಊದಿ, ನಾನೇ ಬೇಯ್ಸಿ, ನಾನೇ ಆರ್ಸಿ ತಂದಿದ್ದು. ನಿಮ್ಗೆ. ನಿಮ್ಗೆ ಮಾತ್ರ!"

ಹೊರಗೆ ಎಮ್ಮೆಯೊಂದು ಕೂಗಿತು. ಇಬ್ಬರಿಗೂ ಕೇಳಿಸಲಿಲ್ಲ.

ನಂದಕುಮಾರ್ ಆ ಇದ್ದಿಲನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಜಾಡಿಗೆ ಹಾಕಲಿಲ್ಲ. ಹೆಬ್ಬೆರಳಿಂದ ಅದನ್ನು ಮೆಲ್ಲಗೆ ಉಜ್ಜಿ, ಅವಳ ಕೆನ್ನೆಯಲ್ಲಿ ಮಸಿಯಿಲ್ಲದ ಒಂದೇ ಒಂದು ಜಾಗ ಹುಡುಕಿ, ಪುಟ್ಟದೊಂದು ಬೊಟ್ಟಿಟ್ಟ.

"ಯಾಕ್ರೀ ಇದು? ಮುಖ ಎಲ್ಲ ಆಗ್ಲೇ ಕಪ್ಪಾಗಿದೆ..."

"ಅದು ಮಸಿ. ಇದು ದೃಷ್ಟಿಬೊಟ್ಟು. ಹೊರಗೆ ಅಷ್ಟು ಜನ ಇದ್ದಾರೆ, ನಮ್ ಮನೆಯವ್ರ ಮೇಲೆ ಕಣ್ಣು ಬೀಳ್ಬಾರ್ದು."

ಪದ್ಮಶ್ರೀಯ ಕಣ್ಣಿಂದ ಹನಿ ಉದುರಿ ಬೊಟ್ಟಿನ ಪಕ್ಕದಲ್ಲೇ ಹಾದುಹೋಯಿತು. ಬೊಟ್ಟು ಮಾತ್ರ ಅಲುಗಲಿಲ್ಲ.

"ಆರಿ ಹೋಗ್ತಿದೆ ರೀ... ಬಿಸಿ ಇರೋವಾಗ್ಲೇ ತಿನ್ಬೇಕು."

"ಒಂದೇ ಸ್ಪೂನ್ ಇದೆಯಲ್ಲ ಇಲ್ಲಿ?"

"ಸಾಕಾಗಲ್ವಾ?" ಎಂದಳು ಅವಳು.

"ಒಂಚೂರು ನಂಗೂ ಉಳ್ಸ್ರಪ್ಪ!" ಎಂದು ಕಿಟಕಿಯಾಚೆಯಿಂದ ಕಪ್ಪು ಕನ್ನಡಕ ಕೂಗಿತು.